ಸೇತುವೆಯ ಅಡಿಯಲ್ಲಿ

ಬೆಪ್ಪು, ಜಪಾನ್, 19 ಅಕ್ಟೋಬರ್ 2025

ಅಪ್ಪಯ್ಯ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನಿನ್ನೆ ಸಂಜೆ ಒಸಾಕಾದಲ್ಲಿ ಹಡಗು ಹತ್ತಿ, ಇವತ್ತು ಬೆಳಿಗ್ಗೆ ಬೆಪ್ಪುವಿನಲ್ಲಿ ಇಳಿದೆ. ಫೆರಿ ಅಂದ ಕೂಡಲೇ ನನಗೆ ನಮ್ಮ ತುಮರಿ ಹಿನ್ನೀರಿನ ಲಾಂಚೇ ಕಣ್ಣಿಗೆ ಬರುವುದು. ಈ ಹಡಗು ಹತ್ತತ್ತಿರ 200 ಮೀಟರ್ ಉದ್ದ. ಕೆಳಗೆ ಲಾರಿಗಳ ಸಾಲು, ಮೇಲೆ ಊಟದ ಹಾಲ್, ಬಿಸಿನೀರಿನ ಸ್ನಾನದ ತೊಟ್ಟಿ. ನನ್ನದು ಕಡಿಮೆ ದರದ ಟಿಕೆಟ್. ನೆಲದ ಮೇಲೆ ಸಾಲಾಗಿ ಹಾಸಿಗೆ, ಮದುವೆಮನೆಯಲ್ಲಿ ಮಲಗಿದ ಹಾಗೆ.

ಪಕ್ಕದ ಹಾಸಿಗೆಯಲ್ಲಿ ತಕಾಮತ್ಸು ಊರಿನ ಒಬ್ಬರು ಅಜ್ಜಿ. ರಾತ್ರಿ ಹತ್ತು ದಾಟಿದ ಮೇಲೆ "ಸೇತುವೆ ಬಂತು, ಏಳು" ಅಂತ ಎಬ್ಬಿಸಿದರು. ಡೆಕ್ಕಿನಲ್ಲಿ ಲಾರಿ ಡ್ರೈವರುಗಳು, ಮಕ್ಕಳು, ಎಲ್ಲರೂ ತಲೆ ಎತ್ತಿ ನಿಂತಿದ್ದರು. ಸೆತೊ ದೊಡ್ಡ ಸೇತುವೆ. ಮೇಲೆ ಕಾರು, ಅದರ ಕೆಳಗೆ ರೈಲು. ನಾವು ಅಡಿಗೆ ಬರುವ ಹೊತ್ತಿಗೇ ಒಂದು ರೈಲು ಗಡಗಡ ಹೋಯಿತು.

ಅಜ್ಜಿ ಅದರ ಕಥೆ ಹೇಳಿದರು. 1955ರ ಮೇ ತಿಂಗಳಲ್ಲಿ ಇದೇ ಸಮುದ್ರದಲ್ಲಿ ಮಂಜು ಕವಿದು ಎರಡು ಫೆರಿ ಡಿಕ್ಕಿಯಾಗಿ 168 ಜನ ಸತ್ತರಂತೆ. ಹೆಚ್ಚಿನವರು ಶಾಲೆಯಿಂದ ಪ್ರವಾಸ ಹೊರಟಿದ್ದ ಮಕ್ಕಳು. ಆಮೇಲೆ ಸೇತುವೆ ಬೇಕೇ ಬೇಕು ಅಂತ ಜನ ಪಟ್ಟು ಹಿಡಿದರು. ಆಗಿದ್ದು 1988ರಲ್ಲಿ. ತಕಾಮತ್ಸುವಿನಿಂದ ಆಚೆ ದಡದ ಉನೊ ಬಂದರಿಗೆ ಹೋಗುತ್ತಿದ್ದ ಫೆರಿ ಮೆಲ್ಲಮೆಲ್ಲಗೆ ಸೊರಗಿ 2019ಕ್ಕೆ ನಿಂತೇ ಹೋಯಿತು. ಅದರ ಡೆಕ್ಕಿನಲ್ಲಿ ಗಾಳಿಗೆ ನಿಂತು ಬಿಸಿ ಉಡೊನ್ (ದಪ್ಪ ನೂಡಲ್ಸ್) ತಿನ್ನುತ್ತಿದ್ದುದನ್ನು ಅಜ್ಜಿ ಎಷ್ಟು ಹೊತ್ತು ಹೇಳಿದರು ಗೊತ್ತಾ! "ಸೇತುವೆ ಬೇಕಿತ್ತು. ಉಡೊನ್ ಕೂಡ ಬೇಕಿತ್ತು" ಅಂದರು.

ನಾನೂ ನಮ್ಮ ತುಮರಿಯ ಕಥೆ ಹೇಳಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಹಿನ್ನೀರು ದಾರಿ ನುಂಗಿದ್ದು, ಸೇತುವೆ ಬಂದಿದ್ದು ಈ ವರ್ಷದ ಜುಲೈ 14ಕ್ಕೆ. ದೊಡ್ಡಪ್ಪನಿಗೆ ಎದೆನೋವು ಬಂದ ರಾತ್ರಿ ಲಾಂಚ್ ಇಲ್ಲದೆ ನೀವು ಜೀಪಿನಲ್ಲಿ ಸುತ್ತುಬಳಸಿ ಹೋಗಿದ್ದು. ಅಜ್ಜಿ ಏನೂ ಮಾತಾಡಲಿಲ್ಲ. ತಮ್ಮ ಶಾಲು ಬಿಚ್ಚಿ ಅರ್ಧ ನನಗೂ ಹೊದಿಸಿದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ನಿಮ್ಮ ದೋಣಿಗೆ ಕಾಯುವಾಗ ಏನು ತಿನ್ನುತ್ತಿದ್ದಿರಿ?"

ಮಂಡಕ್ಕಿ ಅಂದೆ. ಅದು ಹೇಗಿರುತ್ತದೆ ಅಂತ ಕೈಸನ್ನೆಯಲ್ಲೇ ವಿವರಿಸಿದೆ. ಆಗಿನಿಂದ ಅದೇ ನೆನಪು. ಅಪ್ಪಯ್ಯ, ದಡದಲ್ಲಿ ಬುಟ್ಟಿ ಇಟ್ಟುಕೊಂಡು ಮಂಡಕ್ಕಿ ಮಾರುತ್ತಿದ್ದರಲ್ಲ, ಅವರು ಈಗ ಎಲ್ಲಿ ಕೂರುತ್ತಾರೆ? ವ್ಯಾಪಾರ ಆಗುತ್ತಾ? ಸಾಗರಕ್ಕೆ ಹೋಗುವಾಗ ಒಮ್ಮೆ ವಿಚಾರಿಸಿ ಬರೆಯಿರಿ.

ನಿಮ್ಮ ಮಗಳು