ಹಳೆಯ ಹಾರ್ಡ್ ಡಿಸ್ಕಿನಲ್ಲಿ ಉಳಿದಿರುವ ಕನ್ನಡ

ಮಾನ್ಯ ಸಂಪಾದಕರೇ,

ನಾನು ತಿಪಟೂರಿನಲ್ಲಿ ಇಪ್ಪತ್ತೊಂದು ವರ್ಷಗಳಿಂದ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಅಚ್ಚಿಗೆ ಪುಟ ಸಿದ್ಧಪಡಿಸುವ) ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಕೊಬ್ಬರಿ ಮಂಡಿಯ ಬಿಲ್ ಪುಸ್ತಕ, ಸುತ್ತಲಿನ ಊರುಗಳ ಲೇಖಕರ ಪುಸ್ತಕಗಳು, ಎಲ್ಲವನ್ನೂ 2004ರಲ್ಲಿ ಜೋಡಿಸಿಕೊಂಡ ಒಂದೇ ಡೆಸ್ಕ್‌ಟಾಪ್‌ನಲ್ಲಿ ಮಾಡಿದ್ದೇನೆ. ಪೆಂಟಿಯಮ್ 4, 80 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್ 7 ಎಂಬ ಪುಟವಿನ್ಯಾಸ ತಂತ್ರಾಂಶ, ಕನ್ನಡ ಬೆರಳಚ್ಚಿಗೆ ನುಡಿ, ಶ್ರೀಲಿಪಿ. 2014ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ (ಸುರಕ್ಷತಾ ತಿದ್ದುಪಡಿ) ನಿಂತಾಗ ಅದರ ಇಂಟರ್‌ನೆಟ್ ತಂತಿ ತೆಗೆದು, ಬೆರಳಚ್ಚಿನ ಕೆಲಸಕ್ಕೆ ಮಾತ್ರ ಉಳಿಸಿಕೊಂಡೆ. ಹೋದ ತಿಂಗಳು ಅದರ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಸುಟ್ಟುಹೋಯಿತು. ಹೊಸ ಕಂಪ್ಯೂಟರ್ ತಂದೆ.

ಹಳೆಯ ಹಾರ್ಡ್ ಡಿಸ್ಕಿನ ಅಗಲವಾದ ಪಟ್ಟಿ ಕೇಬಲ್ಲಿಗೆ ಹೊಸದರಲ್ಲಿ ಜಾಗವೇ ಇಲ್ಲ. ಅದನ್ನು ಯುಎಸ್‌ಬಿಗೆ ಸೇರಿಸುವ ಸಾಧನವನ್ನು ತುಮಕೂರಿನಿಂದ ತರಿಸಿ, ರಾತ್ರಿಯಿಡೀ ಕುಳಿತು ಕಡತಗಳನ್ನು ನಕಲು ಮಾಡಿಕೊಂಡೆ. ಒಂದೂ ಕಳೆದುಹೋಗಲಿಲ್ಲ ಎಂದು ಬೆಳಗ್ಗೆ ಸಂತೋಷಪಟ್ಟೆ. ಆಮೇಲೆ ಒಂದನ್ನು ತೆರೆದೆ.

ಅದು 2007ರಲ್ಲಿ ನಮ್ಮ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಅಚ್ಚು ಹಾಕಿಸಿದ ಬೀಸುವ ಪದಗಳ ಸಂಗ್ರಹ. ಅಜ್ಜಿಯರ ಮುಂದೆ ಕುಳಿತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಪದಗಳನ್ನು ಅವರು ಒಂದೊಂದಾಗಿ ಓದಿ ಹೇಳುತ್ತಿದ್ದರು, ನಾನು ಒತ್ತುತ್ತಿದ್ದೆ. ಮೇಷ್ಟ್ರು ಈಗಿಲ್ಲ. ನೋಟ್‌ಬುಕ್ಕುಗಳು ಗೆದ್ದಲಿಗೆ ಹೋದವು ಎಂದು ಅವರ ಮಗಳು ಹೇಳುತ್ತಾರೆ. ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಬೇಕೆಂಬುದು ಮಗಳ ಆಸೆ. ಹೊಸ ಪರದೆಯ ಮೇಲೆ ಆ ಪದಗಳ ಜಾಗದಲ್ಲಿ ಕಂಡದ್ದು ಕೊಂಬು ಕೋಡು ಅಂಟಿಸಿದ ಇಂಗ್ಲಿಷ್ ಅಕ್ಷರಗಳ ರಾಶಿ.

ಕಾರಣ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ನಾನು ‘ಕ’ ಒತ್ತಿದರೆ ನುಡಿಯ ಹಳೆಯ ಫಾಂಟಿನಲ್ಲಿ ಕಡತದೊಳಗೆ ಉಳಿಯುತ್ತಿದ್ದುದು ಇಂಗ್ಲಿಷಿನ ‘ಪಿ’ ಮತ್ತು ತಲೆಕಟ್ಟಿಗಾಗಿ ಇನ್ನೊಂದು ಗುರುತು. ಫಾಂಟ್ ಇರುವವರೆಗೆ ಅದು ಕನ್ನಡ, ಇಲ್ಲವಾದರೆ ಅಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಜಾಗತಿಕ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ‘ಕ’ಕ್ಕೆ ಅದರದೇ ಸಂಖ್ಯೆ ಇದೆ, ಯಾವ ಯಂತ್ರಕ್ಕೆ ಹೋದರೂ ಅದು ‘ಕ’ವೇ.

ಹಳೆಯ ಫಾಂಟನ್ನು ಹೊಸದಕ್ಕೂ ಹಾಕಿಕೊಂಡರೆ ಅಕ್ಷರ ಕಾಣುತ್ತದೆ, ನಿಜ. ಆದರೆ ‘ರಾಗಿ’ ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಇಡೀ ಪುಸ್ತಕದಲ್ಲಿ ಒಂದೂ ರಾಗಿ ಸಿಗುವುದಿಲ್ಲ. ಮೊಬೈಲಿಗೆ ಕಳುಹಿಸಿದರೆ ಓದಲಾಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದರಲ್ಲಿ ಕನ್ನಡವೇ ಇಲ್ಲ.

ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನಾನೂ ಬಳಸಿದೆ. ಬಹುಪಾಲು ಸರಿಯಾಗಿಯೇ ಬಂತು. ಆದರೆ ಅರ್ಕಾವತ್ತು ಹಲವು ಕಡೆ ಪಕ್ಕದ ಅಕ್ಷರಕ್ಕೆ ಜಾರಿತು. ನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸಿತು. ಶ್ರೀಲಿಪಿಯಲ್ಲಿದ್ದ ಮುನ್ನುಡಿಗೆ ಬೇರೆಯದೇ ಪರಿವರ್ತಕ ಬೇಕಾಯಿತು. ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿದ್ದಲು ಹನ್ನೊಂದು ದಿನ ಹಿಡಿಯಿತು. ಪದ ಆಡುಮಾತಿನಲ್ಲಿರುವಾಗ ಯಾವುದು ತಪ್ಪು, ಯಾವುದು ಅಜ್ಜಿಯ ಉಚ್ಚಾರಣೆ ಎಂದು ಯಂತ್ರ ಹೇಳಲಾರದು. ಮೇಷ್ಟ್ರ ದನಿ ನನ್ನ ಕಿವಿಯಲ್ಲಿ ಇನ್ನೂ ಇದ್ದುದರಿಂದ ಎಷ್ಟೋ ಕಡೆ ಸರಿಪಡಿಸಿದೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತ ಮೇಲೆ ಎಷ್ಟೋ ಅಂಗಡಿ, ಕಚೇರಿ, ಮುದ್ರಣಾಲಯಗಳಲ್ಲಿ ಹಳೆಯ ಯಂತ್ರಗಳು ಹೊರಬೀಳುತ್ತಿವೆ. ಅವುಗಳೊಳಗೆ ಸ್ಮರಣ ಸಂಚಿಕೆಗಳಿವೆ, ಸಣ್ಣ ಊರುಗಳ ಕವಿಗಳ ಸಂಕಲನಗಳಿವೆ, ನಿಂತುಹೋದ ವಾರಪತ್ರಿಕೆಗಳಿವೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಅಕಾಡೆಮಿಗಳು ಮತ್ತು ಜಿಲ್ಲಾ ಗ್ರಂಥಾಲಯಗಳು ಈ ಕಡತಗಳನ್ನು ಕೇಳಿ ಪಡೆದು ಯೂನಿಕೋಡಿಗೆ ತರಿಸಬೇಕು ಎಂಬುದು ನನ್ನ ವಿನಂತಿ. ಕರಡು ತಿದ್ದುವ ಕೆಲಸವನ್ನು ಡಿಟಿಪಿ ಮಾಡುತ್ತಿದ್ದವರಿಗೇ ಕೂಲಿ ಕೊಟ್ಟು ಒಪ್ಪಿಸಲಿ. ಅರ್ಕಾವತ್ತು ಎಲ್ಲಿ ಜಾರುತ್ತದೆ ಎಂಬುದು ನಮಗೆ ಗೊತ್ತು, ಮತ್ತು ನಮ್ಮಲ್ಲಿ ಅನೇಕರಿಗೆ ಈಗ ಕೆಲಸ ಕಡಿಮೆ. ಪುಸ್ತಕ ಮಾಡಿಸುವ ಲೇಖಕರೂ ಪಿಡಿಎಫ್ ಸಾಕೆಂದು ಸುಮ್ಮನಾಗದೆ ಯೂನಿಕೋಡ್ ಪ್ರತಿಯನ್ನು ಕೇಳಿ ಪಡೆಯಲಿ.

ಅಲ್ಲಿಯವರೆಗೆ ನನ್ನ ಕಸುಬಿನ ಬಂಧುಗಳಲ್ಲಿ ಒಂದು ಕೋರಿಕೆ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದಿಡಿ. ಅದರಲ್ಲಿರುವ ಫಾಂಟುಗಳ ಕೋಶವನ್ನೂ (ಫೋಲ್ಡರ್) ಕಡತಗಳ ಜೊತೆಗೇ ನಕಲು ಮಾಡಿಕೊಳ್ಳಿ.

– ಡಿಟಿಪಿ ಅಂಗಡಿಯ ಒಬ್ಬ ಮಹಿಳೆ, ತಿಪಟೂರು