ಹಂಪಿಯ ಹೊಳೆದಂಡೆಯ ಹಾದಿಗೆ ಬೇಕಿರುವುದು ಕಾಂಕ್ರೀಟ್ ಅಲ್ಲ

ಮಾನ್ಯ ಸಂಪಾದಕರೇ,

ಹಂಪಿಯ ‘ಎದುರು ಬಸವಣ್ಣ’ ಎಂಬ ದೊಡ್ಡ ಕಲ್ಲಿನ ನಂದಿಯ ಬಳಿ ಎಡಕ್ಕೆ ಹೊರಳಿ, ಚಕ್ರತೀರ್ಥದ ಕೋದಂಡರಾಮನ ಗುಡಿಯನ್ನು ಹಾದು, ತುಂಗಭದ್ರೆಯ ಬಲದಂಡೆಗುಂಟ ವಿಜಯ ವಿಠ್ಠಲ ದೇವಾಲಯದವರೆಗೆ ಸಾಗುವ ಸುಮಾರು 2 ಕಿ.ಮೀ. ಕಾಲುಹಾದಿಯಲ್ಲಿ ಬಹಳ ವರ್ಷಗಳ ನಂತರ ಈಚೆಗೆ ಮತ್ತೆ ನಡೆದೆ. ಬಂಡೆಗಳೂ ಹೊಳೆಯೂ ಹಾಗೆಯೇ ಇವೆ. ಕಡಿಮೆಯಾಗಿರುವವರು ನಡೆಯುವವರು ಮಾತ್ರ. ವಿಠ್ಠಲ ದೇವಾಲಯಕ್ಕೆ ರಸ್ತೆಯ ಕಡೆಯಿಂದ ಬ್ಯಾಟರಿ ವಾಹನ ಓಡುತ್ತಿರುವುದರಿಂದ, ಬಂದವರು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಅದೇ ದಾರಿಯಲ್ಲಿ ಮರಳುತ್ತಾರೆ. ವೃದ್ಧರಿಗೆ, ಮಕ್ಕಳಿಗೆ ಆ ವಾಹನ ಬೇಕೇ ಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊಳೆದಂಡೆಯ ಹಾದಿಯೊಂದು ಇದೆ ಎಂಬುದೇ ಅವರಲ್ಲಿ ಅನೇಕರಿಗೆ ಗೊತ್ತಿಲ್ಲ.

ಈ ಹಾದಿಯನ್ನು ಬಿಟ್ಟರೆ ಹಂಪಿಯ ದೊಡ್ಡ ಪಾಲನ್ನೇ ಬಿಟ್ಟಂತೆ. ಯಂತ್ರೋದ್ಧಾರಕ ಆಂಜನೇಯ, ಅಚ್ಯುತರಾಯ ದೇವಾಲಯದತ್ತ ಒಡೆಯುವ ಹಳೆಯ ಬಜಾರು, ಸೀತೆಯ ಸೆರಗಿನ ಗುರುತೆಂದು ಜನ ಇಂದಿಗೂ ತೋರಿಸುವ ಬಂಡೆಗೆರೆಗಳಿರುವ ಸುಗ್ರೀವ ಗುಹೆ, ಅರಸರ ತುಲಾಭಾರದ ಕಲ್ಲುತೊಲೆ, ನೀರಂಚಿನ ಪುರಂದರ ಮಂಟಪ, ಅದರಾಚೆ ಹೊಳೆಯಲ್ಲಿ ಸಾಲಾಗಿ ನಿಂತಿರುವ ವಿಜಯನಗರ ಕಾಲದ ಸೇತುವೆಯ ಕಂಬಗಳು, ಇವೆಲ್ಲ ಒಂದರ ಹಿಂದೊಂದು ಎದುರಾಗುವುದು ನಡೆದು ಬಂದವರಿಗೆ ಮಾತ್ರ.

ಚಕ್ರತೀರ್ಥದ ಸ್ಥಿತಿ ಮಾತ್ರ ಬೇಸರ ತಂದಿತು. ಮಿಂದವರು ಬಿಟ್ಟುಹೋದ ಪಂಚೆ, ಸೀರೆಗಳು ಒಣಗಿ ಮೆಟ್ಟಿಲುಗಳಿಗೇ ಅಂಟಿಕೊಂಡಿದ್ದವು. ಬಂಡೆಯ ಸಂದುಗಳ ತುಂಬ ಶಾಂಪೂ ಪೊಟ್ಟಣಗಳು. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿ.ಮೀ. ಉದ್ದದ ಇದೇ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ ಎಂದರೆ, ಆ ಮೆಟ್ಟಿಲ ಮೇಲೆ ನಿಂತವರು ನಂಬಲಿಕ್ಕಿಲ್ಲ. ಮುಂದೆ ಒಂದೆರಡು ಕಡೆ ಜಾಲಿಮುಳ್ಳು ಬೆಳೆದು ಹಾದಿ ಎತ್ತ ಹೋಗುತ್ತದೆಂದೇ ತಿಳಿಯದು.

ಹೀಗೆ ಬರೆಯುವಾಗ ನನಗೊಂದು ಅಳುಕಿದೆ. ಹಾದಿ ಸರಿಪಡಿಸಿ ಎಂದರೆ ಟೆಂಡರು ಕರೆದು, ಸಿಮೆಂಟ್ ಇಟ್ಟಿಗೆ ಹಾಸಿ, ಸ್ಟೀಲ್ ಕಂಬಿ ನೆಟ್ಟು, ದೀಪದ ಕಂಬ ನಿಲ್ಲಿಸುವುದೇ ನಮ್ಮಲ್ಲಿ ರೂಢಿಯಾಗಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ, ಇದೇ ಹೊಳೆಗೆ ಕಟ್ಟಲು ಹೊರಟ ಸೇತುವೆಗಳ ಕಾರಣಕ್ಕೆ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿ ಸೇರಿ, 2006ರವರೆಗೆ ಅಲ್ಲೇ ಉಳಿದಿತ್ತು ಎಂಬುದನ್ನು ಸಂಬಂಧಪಟ್ಟವರು ಮರೆಯಬಾರದು. ಬಂಡೆಯಲ್ಲಿ ಕೊರೆದ ಹಳೆಯ ಮೆಟ್ಟಿಲುಗಳು ಇಂದಿಗೂ ಕಾಲಿಗೆ ಸಾಕು.

ಬೇಕಿರುವುದು ಇಷ್ಟೇ: ಮುಳ್ಳು ಸವರುವ ಒಬ್ಬಿಬ್ಬರು, ಸ್ನಾನಘಟ್ಟದಲ್ಲಿ ಬಟ್ಟೆ ಹಾಕಲು ತೊಟ್ಟಿ, ದಿನವೂ ಅದನ್ನು ಖಾಲಿ ಮಾಡುವ ವ್ಯವಸ್ಥೆ, ಎದುರು ಬಸವಣ್ಣನ ಬಳಿಯೂ ಬ್ಯಾಟರಿ ವಾಹನದ ನಿಲುಗಡೆಯಲ್ಲೂ ಹಾದಿಯ ವಿವರವಿರುವ ಕನ್ನಡ ಫಲಕ. ಅದರ ಜೊತೆಗೇ, ತುಂಗಭದ್ರಾ ಜಲಾಶಯದಿಂದ ಆ ದಿನ ಎಷ್ಟು ಕ್ಯುಸೆಕ್ ನೀರು ಬಿಡಲಾಗುತ್ತಿದೆ ಎಂದು ಬರೆಯುವ ಕರಿಹಲಗೆಯೂ ಇರಲಿ. ಗೇಟು ಎತ್ತಿದಾಗ ಪುರಂದರ ಮಂಟಪ ಮುಳುಗುವುದು ಊರಿನವರಿಗೆ ಗೊತ್ತು, ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಹೊಳೆ ತುಂಬಿ ಹರಿದದ್ದನ್ನು ಕಂಡವರು ಈ ಹಲಗೆಯನ್ನು ಅತಿ ಎನ್ನಲಾರರು. ಮುಂದಿನ ಮಳೆಗಾಲದಲ್ಲಿ ಜಲಾಶಯ ತುಂಬುವ ಮೊದಲೇ ಆ ಹಲಗೆಯನ್ನು ನೆಡಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಹೊಸಪೇಟೆ