ಮಗಳಿಗೊಂದು ಪತ್ರ: ಪಟ್ಟಿಯಲ್ಲಿ ಒಂದೇ ಹಿಮನದಿ ಇರಲಿ

ಪ್ರೀತಿಯ ಪುಟ್ಟಿ,

ನಿನ್ನ ಪ್ರವಾಸದ ಪಟ್ಟಿ ನಿಧಾನವಾಗಿ ಓದಿದೆ. ದಕ್ಷಿಣ ಅಮೆರಿಕದ ತುದಿಯ ಪಟಗೋನಿಯಾ ಇದೆ, ಯುರೋಪಿನ ಆಲ್ಪ್ಸ್ ಇದೆ, ಹಿಮಾಲಯ ಇದೆ, ಐಸ್‌ಲ್ಯಾಂಡ್ ಕೂಡ ಇದೆ. ಒಂದೊಂದು ಕಡೆಗೂ ಎರಡೆರಡು ದಿನ ಇಟ್ಟಿದ್ದೀಯ. ಕೊನೆಯಲ್ಲಿ ‘ಕರಗಿ ಹೋಗುವುದರೊಳಗೆ ಎಲ್ಲವನ್ನೂ ನೋಡಿಬಿಡಬೇಕಮ್ಮಾ’ ಅಂತ ಬರೆದಿದ್ದೀಯಲ್ಲ, ಆ ಸಾಲು ಮನಸ್ಸಿಗೆ ತಟ್ಟಿತು. ನಿನ್ನ ಆತುರ ನನಗೆ ಅರ್ಥವಾಗುತ್ತದೆ. ಆದರೂ ನಾನು ಹೇಳುವುದು ಒಂದೇ ಮಾತು. ಒಂದು ಹಿಮನದಿಯನ್ನು ಆರಿಸಿಕೋ. ಅದರ ಪಕ್ಕದಲ್ಲೇ ಕೆಲವು ದಿನ ಇದ್ದುಬಿಡು.

ಐಸ್‌ಲ್ಯಾಂಡಿನ ಓಕ್ ಹಿಮನದಿಯ ವಿಷಯ ನೀನೇ ಹೇಳಿದ್ದೆ. ಅದು ಇನ್ನು ಹಿಮನದಿ ಅಲ್ಲ ಅಂತ 2014ರಲ್ಲಿ ತೀರ್ಮಾನವಾಯಿತು. 2019ರ ಆಗಸ್ಟಿನಲ್ಲಿ ಜನ ಬೆಟ್ಟ ಹತ್ತಿ ಹೋಗಿ ಅಲ್ಲೊಂದು ನೆನಪಿನ ಫಲಕ ಹಾಕಿಬಂದರು. ಅಲ್ಲಿ ಮಂಜುಗಡ್ಡೆ ಪೂರ್ತಿ ಕರಗಿಹೋಗಿರಲಿಲ್ಲ ಅನ್ನುವುದನ್ನು ಗಮನಿಸು. ಉಳಿದದ್ದು ತೀರಾ ತೆಳುವಾಗಿತ್ತು, ತನ್ನ ಭಾರಕ್ಕೆ ತಾನೇ ಜರುಗುವಷ್ಟು ದಪ್ಪ ಇರಲಿಲ್ಲ. ಜರುಗುವುದು ನಿಂತ ಮೇಲೆ ಅದು ಬರೀ ಮಂಜಿನ ತುಂಡು. ಅಂದರೆ ಹಿಮನದಿಯ ಜೀವ ಇರುವುದು ಅದರ ನಡಿಗೆಯಲ್ಲಿ. ಗಾಡಿಯಿಂದ ಇಳಿದು, ಫೋಟೋ ತೆಗೆದು, ಮತ್ತೆ ಗಾಡಿ ಹತ್ತಿದವರಿಗೆ ಆ ನಡಿಗೆ ಕಾಣುವುದೇ ಇಲ್ಲ.

ಎಷ್ಟು ನಿಧಾನ ಅಂತೀಯಾ? 1820ರಲ್ಲಿ ಆಲ್ಪ್ಸ್‌ನ ಮೋಂ ಬ್ಲಾಂ ಶಿಖರಕ್ಕೆ ಹೊರಟ ಒಂದು ತಂಡದ ಮೇಲೆ ಹಿಮ ಕುಸಿಯಿತು. ಮೂವರು ಗೈಡ್‌ಗಳು ಆಳವಾದ ಬಿರುಕಿಗೆ ಬಿದ್ದು ಸತ್ತರು. ಹಿಮನದಿಗಳ ವೇಗ ಅಳೆಯುತ್ತಿದ್ದ ಸ್ಕಾಟ್‌ಲ್ಯಾಂಡಿನ ಜೇಮ್ಸ್ ಫೋರ್ಬ್ಸ್ ಲೆಕ್ಕ ಹಾಕಿ, ಸುಮಾರು ನಲವತ್ತು ವರ್ಷಕ್ಕೆ ಅವರು ಕೆಳಗೆ ಸಿಗುತ್ತಾರೆ ಎಂದಿದ್ದರು. 1861ರಲ್ಲಿ, ಆ ಶಿಖರದಿಂದ ಇಳಿದುಬರುವ ಬೊಸ್ಸೋಂ ಹಿಮನದಿಯ ಬುಡದಲ್ಲಿ ಅವರ ದೇಹದ ಭಾಗಗಳು, ಬಟ್ಟೆಯ ಚೂರುಗಳು ಹೊರಬಂದವು. ಆ ದಿನ ಬದುಕಿ ಉಳಿದಿದ್ದ ಒಬ್ಬ ಗೈಡ್ ಅಷ್ಟರಲ್ಲಿ ಮುದುಕನಾಗಿದ್ದ. ಜೊತೆಯವರನ್ನು ಗುರುತಿಸಲು ಅವನನ್ನೇ ಕರೆಸಿದರು. ಈ ಕಥೆ ನೆನಪಾದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಮೇಲೆ ಬಿದ್ದ ಹಿಮ ಪದರ ಪದರವಾಗಿ ಅದುಮಿಕೊಂಡು, ಒಳಗಿನ ಗಾಳಿ ಹೊರಹೋಗಿ, ಗಟ್ಟಿಯಾಗಿ, ಹತ್ತಾರು ವರ್ಷ ಜರುಗುತ್ತಾ ನಮ್ಮ ಕಾಲ ಬುಡಕ್ಕೆ ಬರುತ್ತದೆ. ದೊಡ್ಡ ಹಿಮನದಿಗಳಲ್ಲಾದರೆ ನೂರಾರು ವರ್ಷವೇ ಹಿಡಿಯುತ್ತದೆ. ನೀನು ಕೈಯಿಟ್ಟು ಮುಟ್ಟುವ ಮಂಜು ನಿನ್ನ ಮುತ್ತಜ್ಜಿ ಹುಟ್ಟುವುದಕ್ಕಿಂತ ಮುಂಚೆ ಆಕಾಶದಿಂದ ಬಿದ್ದದ್ದು ಇರಬಹುದು. ಅದಕ್ಕೆ ಎರಡು ದಿನ ಯಾವ ಲೆಕ್ಕ ಹೇಳು?

ಕಾಲ ಹೇಗೆ ಸರಿದಿದೆ ಅಂತ ಕಣ್ಣಾರೆ ನೋಡಬೇಕಾದರೆ ಸ್ವಿಟ್ಜರ್‌ಲ್ಯಾಂಡಿನ ಆಲೆಚ್ ಹಿಮನದಿ ಒಳ್ಳೆಯ ಜಾಗ. ಆಲ್ಪ್ಸ್‌ನಲ್ಲಿ ಅದೇ ಎಲ್ಲಕ್ಕಿಂತ ಉದ್ದದ್ದು. ಅದರ ಮೇಲ್ಭಾಗದಲ್ಲಿ ಮಂಜಿನ ತೊರೆಗಳು ಕೂಡುವ ಕಡೆ, ಕೊಂಕೋರ್ಡಿಯಾ ಅಂತ, ಸುಮಾರು 800 ಮೀಟರ್ ಆಳದ ಮಂಜುಗಡ್ಡೆ ಇದೆ. ಅದರ ಪಕ್ಕದ ಬಂಡೆಯ ಮೇಲೆ 1877ರಲ್ಲಿ ಮೊದಲ ತಂಗುಮನೆ ಕಟ್ಟಿದರು. ಆಗ ಹಿಮನದಿಯಿಂದ ಮನೆಗೆ ಹತ್ತುವುದು ಹೆಚ್ಚೇನೂ ಇರಲಿಲ್ಲ. ಮಂಜು ಇಳಿಯುತ್ತಾ ಹೋದ ಹಾಗೆ ಬಂಡೆಗೆ ಕಬ್ಬಿಣದ ಮೆಟ್ಟಿಲು ಕೂಡಿಸುತ್ತಾ ಹೋದರು. ಈಗ ನಾನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತಬೇಕು. ಒಂದೊಂದು ಮೆಟ್ಟಿಲು ಹತ್ತುವಾಗಲೂ, ಒಂದು ಕಾಲದಲ್ಲಿ ಇಲ್ಲಿ ಮಂಜು ಇತ್ತು ಅನ್ನುವುದು ಕಾಲಿಗೇ ಗೊತ್ತಾಗುತ್ತದೆ. ಇದೇ ಆಲೆಚ್‌ನ್ನು, ಅದರ ಮೇಲ್ತುದಿಯ ಯುಂಗ್‌ಫ್ರಾವ್‌ಯೋಖ್ ಕಣಿವೆದಾರಿಗೆ ರೈಲಿನಲ್ಲಿ ಹೋಗಿ ಅರ್ಧ ದಿನದಲ್ಲಿ ನೋಡಿ ಬರಬಹುದು. ನೋಟವೇನೋ ಚೆನ್ನಾಗಿಯೇ ಇರುತ್ತದೆ. ನಾನಾದರೆ ಕೆಳಗಿನ ಆಲೆಚ್ ಕಾಡಿನ ಕಡೆಯಿಂದ ಅಂಚು ಹಿಡಿದು ನಡೆಯುತ್ತೇನೆ. ಹಳೆಯ ಪೈನ್ ಮರಗಳ ನಡುವೆ ದಾರಿ, ಪಕ್ಕದಲ್ಲಿ ಕೆಳಗೆ ಮಂಜಿನ ಹೊಳೆ.

ಒಂದು ವಿಷಯ ಮೊದಲೇ ತಿಳಿದಿರಲಿ, ಇಲ್ಲದಿದ್ದರೆ ಹೋದ ದಿನವೇ ನಿರಾಸೆಯಾಗುತ್ತದೆ. ಹಿಮನದಿಯ ಕೆಳಭಾಗ ಬಹಳ ಕಡೆ ಬೆಳ್ಳಗಿರುವುದಿಲ್ಲ. ಹಿಮಾಲಯದಲ್ಲಂತೂ ಮೇಲಿಂದ ಉರುಳಿದ ಕಲ್ಲು, ಜಲ್ಲಿ, ಮಣ್ಣು ಮುಚ್ಚಿಕೊಂಡು ಯಾವುದೋ ಕ್ವಾರಿಯ ಹಾಗೆ ಕಾಣುತ್ತದೆ. ಬಂದವರು ‘ಇಷ್ಟೇನಾ’ ಅಂತ ಹಿಂದಿರುಗುತ್ತಾರೆ. ನೀನು ಹಾಗೆ ಹಿಂದಿರುಗಬೇಡ. ಗೈಡ್ ಜೊತೆ ಅದರ ಮೇಲೆ ಸ್ವಲ್ಪ ದೂರ ಹೋಗು, ಸುರಕ್ಷಿತವಾದ ಕಡೆ ಕೂರು, ಕಾಲ ಕೆಳಗೇ ನೋಡು.

ಒಂದು ದೊಡ್ಡ ಚಪ್ಪಟೆ ಬಂಡೆ ಮಂಜಿನ ಕಂಬದ ಮೇಲೆ ಕೂತಿರುವುದು ಕಾಣಬಹುದು. ಅದನ್ನು ಯಾರೂ ಎತ್ತಿ ಇಟ್ಟದ್ದಲ್ಲ. ಬಂಡೆಯ ನೆರಳಿನಲ್ಲಿದ್ದ ಮಂಜು ಕರಗಲಿಲ್ಲ, ಸುತ್ತಲಿನದು ಕರಗಿ ತಗ್ಗಿತು, ಬಂಡೆ ಮೇಲೆ ಉಳಿಯಿತು. ಬಿಸಿಲು ಬೀಳುವ ಕಡೆಯ ಮಂಜು ಬೇಗ ಸವೆಯುತ್ತದೆ, ಕಂಬ ಆ ಕಡೆಗೆ ವಾಲುತ್ತದೆ, ಒಂದು ದಿನ ಬಂಡೆ ಜಾರಿ ಬೀಳುತ್ತದೆ. ಅದರ ಪಕ್ಕದಲ್ಲೇ ಬೆರಳು ತೂರುವಷ್ಟು ಅಗಲದ ಪುಟ್ಟ ಗುಂಡಿಗಳಿರುತ್ತವೆ. ನೀರು ತುಂಬಿರುತ್ತದೆ, ತಳದಲ್ಲಿ ಚಿಟಿಕೆ ಕಪ್ಪು ಧೂಳು. ಗಾಳಿ ತಂದ ಆ ಧೂಳು ಬಿಸಿಲು ಹೀರಿ ತನ್ನಡಿಯ ಮಂಜನ್ನು ಕರಗಿಸುತ್ತಾ ಕೆಳಗಿಳಿದಿರುತ್ತದೆ. ಆ ಕೊರೆಯುವ ನೀರಿನಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಬ್ಯಾಕ್ಟೀರಿಯಾ ಬದುಕುತ್ತವೆ. ನೋಡು, ಚಿಟಿಕೆ ಧೂಳಾದರೆ ಮಂಜು ಬೇಗ ಕರಗುತ್ತದೆ, ದಪ್ಪ ಬಂಡೆಯಾದರೆ ಅದೇ ಮಂಜನ್ನು ಕಾಯುತ್ತದೆ. ಇವೆರಡನ್ನೂ ಒಂದೇ ಕಡೆ ಕೂತು ನೋಡಬಹುದು. ನಾನು ಅಂಥ ಗುಂಡಿಯೊಂದರ ಮೇಲೆ ಬಗ್ಗಿ ಕೂತಾಗ ಕೈಗಡಿಯಾರ ನೋಡುವುದೇ ಮರೆತಿದ್ದೆ. ಗೈಡ್ ಬಂದು ಕರೆಯಬೇಕಾಯಿತು.

ಹಿಮನದಿ ಕರಗಿ ಹರಿಯುವ ನೀರಿನ ತೊರೆಗಳೂ ಹಾಗೆಯೇ, ಒಂದು ದಿನ ಪೂರ್ತಿ ಜೊತೆಗಿದ್ದರೆ ಮಾತ್ರ ಅರ್ಥವಾಗುತ್ತವೆ. ರಾತ್ರಿ ಚಳಿಗೆ ಕರಗುವುದು ಕಡಿಮೆ, ಹಾಗಾಗಿ ನಸುಕಿನಲ್ಲಿ ನೀರು ತಗ್ಗಿರುತ್ತದೆ. ಬಿಸಿಲೇರಿದ ಹಾಗೆ ಏರುತ್ತದೆ, ಸಂಜೆಯ ಹೊತ್ತಿಗೆ ಬೋರ್ಗರೆಯುತ್ತದೆ. ಬೆಳಗ್ಗೆ ಮೊಣಕಾಲಿಗೆ ಬಂದ ನೀರು ಮಧ್ಯಾಹ್ನದ ಮೇಲೆ ಸೊಂಟಕ್ಕೆ ಬರಬಹುದು. ಅದಕ್ಕೇ ದಾಟುವ ಕೆಲಸ ಬೆಳಗ್ಗೆಯೇ ಮುಗಿಯಬೇಕು. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೋ. ಕಾಲು ಜಾರಿದರೆ ಬ್ಯಾಗು ಹೋಗಲಿ, ನೀನು ಬೇಕು ನನಗೆ. ನೀರು ಹಾಲಿಗೆ ಬೂದಿ ಕಲಸಿದ ಹಾಗೆ ಇರುತ್ತದೆ. ಹಿಮನದಿ ಬಂಡೆಯನ್ನು ಅರೆದು ಮಾಡಿದ ಸಣ್ಣ ಪುಡಿ ಅದು. ಅದೇ ಪುಡಿ ಸರೋವರ ಸೇರಿ ತೇಲುತ್ತಿದ್ದರೆ, ನೀನು ಫೋಟೋದಲ್ಲಿ ನೋಡಿ ಬೆರಗಾದ ಆ ಹಸಿರು-ನೀಲಿ ಬಣ್ಣ ಬರುತ್ತದೆ.

ಈಗ ಅಮ್ಮನಾಗಿ ಗಟ್ಟಿಯಾಗಿ ಹೇಳಬೇಕಾದ ಮಾತು. ಹಿಮಾಲಯ ಆರಿಸಿಕೊಂಡರೆ ನಿಧಾನ ಅನ್ನುವುದು ನಿನ್ನ ಇಷ್ಟಕ್ಕೆ ಬಿಟ್ಟದ್ದಲ್ಲ. 3,500 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಮೂರರಲ್ಲಿ ಎರಡು ಪಾಲು. 5,500 ಮೀಟರ್‌ನಲ್ಲಿ ಅರ್ಧ. ಮೈ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ತನ್ನದೇ ಗತಿಯಲ್ಲಿ. ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಆ ಗತಿಯನ್ನು ಜೋರು ಮಾಡಲು ಆಗುವುದಿಲ್ಲ. ದಿನಾ ಓಡುತ್ತೀನಿ, ಜಿಮ್ಮಿಗೆ ಹೋಗ್ತೀನಿ ಅಂದೆಯಲ್ಲ, ಅದು ಕಾಲಿಗೆ ಒಳ್ಳೆಯದು. ಎತ್ತರದ ಕಾಯಿಲೆಗೆ ಅದು ತಡೆಯಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ಹಗಲು ಮೇಲೆ ಹೋಗಿ ಬಂದು ಕೆಳಗೆ ಮಲಗಿದರೆ ಇನ್ನೂ ಒಳ್ಳೆಯದು.

ಗಂಗೋತ್ರಿ ಹಿಮನದಿಯನ್ನೇ ತೆಗೆದುಕೋ. ಉತ್ತರಕಾಶಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಂದ ಗಾಡಿ ಹತ್ತಿದರೆ ಅದೇ ದಿನ 3,000 ಮೀಟರ್ ದಾಟಿ ಗಂಗೋತ್ರಿಯಲ್ಲಿ ಇಳಿಯಬಹುದು. ಮಾರನೇ ದಿನವೇ ಗೋಮುಖದ ದಾರಿಯಲ್ಲಿರುವ ಭೋಜ್‌ಬಾಸಾಗೆ ನಡೆದರೆ ಸುಮಾರು 3,800 ಮೀಟರಿನಲ್ಲಿ ಮಲಗುತ್ತೀಯ. ನಿನ್ನ ಪಟ್ಟಿಯಲ್ಲಿ ಹೀಗೇ ಇದೆ, ಇದು ಬೇಡ. ಮೊದಲು ಹರ್ಸಿಲ್‌ನಲ್ಲಿ ಉಳಿದುಕೋ. ಅದು 2,600 ಮೀಟರಿನ ಆಸುಪಾಸು, ಭಾಗೀರಥಿ ಪಕ್ಕದಲ್ಲೇ, ದೇವದಾರು ಕಾಡು. ಆಮೇಲೆ ಗಂಗೋತ್ರಿಯಲ್ಲಿ ಕನಿಷ್ಠ ಎರಡು ರಾತ್ರಿ. ಆಮೇಲಷ್ಟೇ ನಡಿಗೆ. ಹಿಮನದಿಯ ತುದಿಯಾದ ಗೋಮುಖಕ್ಕೆ ಹೋಗಲು ಅರಣ್ಯ ಇಲಾಖೆಯ ಪರ್ಮಿಟ್ ಬೇಕು, ದಿನಕ್ಕೆ 150 ಜನಕ್ಕೆ ಮಾತ್ರ ಕೊಡುತ್ತಾರೆ, ಹಾಗಾಗಿ ಒಂದು ದಿನ ಹೆಚ್ಚು ಇಟ್ಟುಕೊಂಡಿದ್ದರೆ ತಲೆಬಿಸಿ ಇರುವುದಿಲ್ಲ. ಗೋಮುಖದಲ್ಲಿ ಮಂಜಿನ ಗೋಡೆಯ ಬುಡಕ್ಕೆ ಮಾತ್ರ ಹೋಗಬೇಡ. ಎಷ್ಟು ಹೊತ್ತಿಗೆ ಯಾವ ತುಂಡು ಕಳಚಿ ಬೀಳುತ್ತದೋ ಹೇಳಲಾಗುವುದಿಲ್ಲ.

ತಲೆನೋವು, ಹೊಟ್ಟೆ ತೊಳಸುವುದು, ಸುಸ್ತು, ತಲೆ ಸುತ್ತು, ಇವು ಎತ್ತರದ ಕಾಯಿಲೆಯ ಮೊದಲ ಗುರುತು. ಬಂದರೆ ಮುಚ್ಚಿಡಬೇಡ, ಜೊತೆಯವರಿಗೆ ಹೇಳು, ಮೇಲೆ ಹೋಗುವುದನ್ನು ನಿಲ್ಲಿಸು. ನಡಿಗೆ ತೂರಾಡಿದರೆ, ಮಾತು ತಪ್ಪಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯದೆ ತಕ್ಷಣ ಕೆಳಗೆ ಇಳಿಯಬೇಕು. ಅದಕ್ಕಿಂತ ದೊಡ್ಡ ಔಷಧ ಇಲ್ಲ. ಮಾತ್ರೆಯ ವಿಷಯ ಹೋಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡು.

ಪಟಗೋನಿಯಾದ ಪೆರಿಟೊ ಮೊರೆನೊ ಹಿಮನದಿಗೆ ಹೋದರೆ ಈ ಚಿಂತೆ ಇಲ್ಲ. ಅದರ ಮುಖ ಇರುವುದು ಸಮುದ್ರಮಟ್ಟದಿಂದ 200 ಮೀಟರಿನ ಆಸುಪಾಸಿನ ಸರೋವರದಲ್ಲಿ. ನಡುಭಾಗದಲ್ಲಿ ದಿನಕ್ಕೆ ಸುಮಾರು ಎರಡು ಮೀಟರ್ ಜರುಗುತ್ತದೆ, ಹಿಮನದಿಗಳ ಲೆಕ್ಕದಲ್ಲಿ ಜೋರೇ. ಎದುರಿಗೆ ನೋಡುಗರಿಗಾಗಿ ಕಟ್ಟಿದ ಕಾಲುದಾರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತರೆ, ಬಿರುಕು ಬಿಡುವ ಸದ್ದು ಮೊದಲು ಕೇಳಿ ಆಮೇಲೆ ಎಲ್ಲಿ ಅಂತ ಹುಡುಕುವುದು ರೂಢಿಯಾಗುತ್ತದೆ. ಅಲ್ಲಿ ಕಾಡುವುದು ಗಾಳಿ. ಬೇಸಿಗೆ ಅಂದರೆ ಡಿಸೆಂಬರಿನಿಂದ ಫೆಬ್ರುವರಿ, ಅದನ್ನು ನೆನಪಿಟ್ಟುಕೋ.

ಎಲ್ಲೇ ಹೋಗು, ಖಾಲಿ ದಿನಗಳು ಇರಲೇಬೇಕು. ಮೂರು ದಿನಕ್ಕೊಂದು ಅಂತ ನನ್ನ ಅಂದಾಜು. ಮಳೆ ಬಂದರೆ, ದಾರಿ ಕುಸಿದರೆ, ಮೈ ಸರಿಯಿಲ್ಲದಿದ್ದರೆ ಆ ದಿನ ಕೆಲಸಕ್ಕೆ ಬರುತ್ತದೆ. ಎಲ್ಲ ಸರಿಯಿದ್ದರೆ ಅದೇ ಪ್ರವಾಸದ ಒಳ್ಳೆಯ ದಿನವಾಗುತ್ತದೆ. ಬೆಟ್ಟದಲ್ಲಿ ಅಪಘಾತಗಳು ಜಾಸ್ತಿ ಆಗುವುದು ‘ನಾಳೆ ಫ್ಲೈಟ್ ಇದೆ’ ಅನ್ನುವವರಿಗೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ವಾಪಸು ಬರುವ ಟಿಕೆಟನ್ನು ಕೊನೆಯ ದಿನದ ನಡಿಗೆಗೆ ಅಂಟಿಸಿ ಮಾಡಿಸಬೇಡ.

ಮಂಜಿನ ಮೇಲೆ ಒಬ್ಬಳೇ ಕಾಲಿಡಬೇಡ, ಒಂದು ಹೆಜ್ಜೆಯೂ ಬೇಡ. ಹೊಸ ಹಿಮ ಬಿರುಕಿನ ಬಾಯಿ ಮುಚ್ಚಿರುತ್ತದೆ, ನೋಡಿದರೆ ಗಟ್ಟಿ ನೆಲದ ಹಾಗೇ ಕಾಣುತ್ತದೆ. ಅಲ್ಲಿಯ ದಾರಿ ಬಲ್ಲ ಗೈಡ್, ಹಗ್ಗ, ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳು, ಇವುಗಳಲ್ಲಿ ಹಣ ಉಳಿಸುವ ಯೋಚನೆ ಬೇಡ. ಹಿಮದ ಮೇಲೆ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ, ಬದಿ ಮುಚ್ಚಿದ ಕಪ್ಪು ಕನ್ನಡಕ ತೆಗೆದುಕೋ. ಮೋಡ ಕವಿದ ದಿನವೂ ಹಾಕಿಕೋ. ಇನ್ಷೂರೆನ್ಸ್ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ, ಹೆಲಿಕಾಪ್ಟರ್ ಖರ್ಚು ಸೇರಿದೆಯಾ ಅಂತ ಓದಿ ನೋಡು. ಭಾರತದಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಒಯ್ಯುವ ಹಾಗಿಲ್ಲ, ಯಾರೋ ಕೊಟ್ಟರು ಅಂತ ಬ್ಯಾಗಿಗೆ ಹಾಕಿಕೊಳ್ಳಬೇಡ. ಸಿಗ್ನಲ್ ಇಲ್ಲದ ದಿನಗಳು ಯಾವುವು ಅಂತ ಮೊದಲೇ ಬರೆದು ಕೊಟ್ಟು ಹೋಗು. ಆ ದಿನಗಳಲ್ಲಿ ನಾನು ಫೋನ್ ಹಿಡಿದುಕೊಂಡು ಕೂರುವುದಿಲ್ಲ, ಮಾತು ಕೊಡುತ್ತೇನೆ.

ಎಲ್ಲವನ್ನೂ ನೋಡಲಾಗದು ಅಂತ ನಿನಗೆ ಬೇಜಾರಾಗಬಹುದು. ಜಗತ್ತಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಿಮನದಿಗಳಿವೆ ಪುಟ್ಟಿ, ನಾಲ್ಕು ನೋಡಿದರೂ ಒಂದು ನೋಡಿದರೂ ಉಳಿದವು ಉಳಿದೇ ಇರುತ್ತವೆ. ಒಂದನ್ನು ಚೆನ್ನಾಗಿ ನೋಡಿದರೆ ಹತ್ತು ವರ್ಷ ಬಿಟ್ಟು ಅಲ್ಲಿಗೇ ಮತ್ತೆ ಹೋಗಬಹುದು. ಅಂಚು ಎಲ್ಲಿತ್ತು, ಈಗ ಎಲ್ಲಿದೆ ಅಂತ ನಿನಗೇ ಗೊತ್ತಿರುತ್ತದೆ. ಹೋದಾಗ ಯಾವುದಾದರೂ ದೊಡ್ಡ, ಅಲುಗದ ಬಂಡೆಯ ಮೇಲೆ ನಿಂತು ಒಂದು ಫೋಟೋ ತೆಗೆ. ನಿಂತ ಜಾಗ, ಮುಖ ಮಾಡಿದ ದಿಕ್ಕು, ತಾರೀಖು ಬರೆದಿಟ್ಟುಕೋ. ಹಿಮನದಿಗಳು ಎಷ್ಟು ಹಿಂದೆ ಸರಿದಿವೆ ಅಂತ ತಿಳಿಯಲು ವಿಜ್ಞಾನಿಗಳೂ ಹೀಗೆ ಒಂದೇ ಜಾಗದಿಂದ ತೆಗೆದ ಹಳೆಯ, ಹೊಸ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಈ ವಾರ ನಿನಗೆ ಎರಡೇ ಕೆಲಸ. ಒಟ್ಟು ಎಷ್ಟು ದಿನ ರಜೆ ಸಿಗುತ್ತದೆ, ಯಾವ ತಿಂಗಳು ಅಂತ ಕೇಳಿ ತಿಳಿಸು. ನಾಲ್ಕರಲ್ಲಿ ಯಾವ ಹಿಮನದಿಯನ್ನು ಬಿಡಲು ಮನಸ್ಸೇ ಬರುವುದಿಲ್ಲವೋ ಅದರ ಹೆಸರು ಬರೆ. ಉಳಿದ ಬುಕಿಂಗ್ ಏನೂ ಮಾಡಬೇಡ. ಭಾನುವಾರ ಮ್ಯಾಪ್ ತೆರೆದುಕೊಂಡು ಇಬ್ಬರೂ ಕೂತು, ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀಯ ಅಂತ ಒಂದೊಂದಾಗಿ ಗುರುತು ಮಾಡೋಣ.

ಪ್ರೀತಿಯಿಂದ,
ಅಮ್ಮ